ಬಳ್ಳಾರಿ ಜಾಲಿಯ ಸೀಮೆಯಲ್ಲಿ ಓಡಾಡುವ ಗಾಡಿಗೆ ಯಾವ ಟೂಲ್ ಕಿಟ್?

ಅಕ್ಕಿ ಗಿರಣಿಗಳ ಮೋಟರ್ ರಿಪೇರಿ ನನ್ನ ಕೆಲಸ. ಸಿರುಗುಪ್ಪ, ಕಾರಟಗಿ, ಗಂಗಾವತಿ, ಸಿಂಧನೂರು, ಮಾನ್ವಿ ಅಂತ ವಾರವೆಲ್ಲ ಓಡಾಟ. ಮೊದಲು ಬೈಕ್ ಇತ್ತು. ಈಗ ಒಂದು ಹಳೆ ಸಣ್ಣ ಕಾರೂ ಇದೆ, ಹತ್ತಿರದ ಊರಿಗೆ ಇನ್ನೂ ಬೈಕೇ. ಗಿರಣಿಯಲ್ಲಿ ಹುಡುಗರು ಆಗಾಗ ಕೇಳುತ್ತಾರೆ: "ಅಣ್ಣಾ, ಗಾಡ್ಯಾಗ ಇಟ್ಗೊಳ್ಳಾಕ ಯಾವ ಟೂಲ್ ಕಿಟ್ ಚಲೋ?" ನಿಂತ ಜಾಗದಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಯುವಂಥದ್ದಲ್ಲ ಅದು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಯಾವ ಸಾಮಾನು ಕೊಳ್ಳುವಾಗಲೂ ಒಂದೇ ಲೆಕ್ಕ ಹಾಕುತ್ತೇನೆ. ಇದು ಗಾಡಿಯನ್ನು ಮುಂದಿನ ಊರಿನ ಗ್ಯಾರೇಜ್ ತನಕ ಮುಟ್ಟಿಸುತ್ತದಾ? ಮಾನ್ವಿಯಿಂದ ಸಿಂಧನೂರಿನ ನಡುವೆ ನಿಂತರೆ ಸಿಂಧನೂರು ಮುಟ್ಟಬೇಕು, ಅಷ್ಟೇ. ರಸ್ತೆ ಬದಿಯಲ್ಲಿ ಎಂಜಿನ್ ಬಿಚ್ಚುವ ಕೆಲಸ ಯಾರಿಗೂ ಬೇಡ. ಈ ಲೆಕ್ಕ ಹಿಡಿದರೆ ಅಂಗಡಿಯಲ್ಲಿ ತೋರಿಸುವ ಅರ್ಧ ಸಾಮಾನು ತಾನೇ ಬಿಟ್ಟುಹೋಗುತ್ತದೆ.

ರೆಡಿ ಬಾಕ್ಸ್ ತಗೊಳ್ಳೋದಾ, ಬಿಡಿಬಿಡಿಯಾಗಿ ಜೋಡಿಸೋದಾ

ಆನ್‌ಲೈನ್‌ನಲ್ಲಿ ಹೆಚ್ಚು ಮಾರಾಟವಾಗುವುದು 46 ಪೀಸಿನ ಸಾಕೆಟ್ ಸೆಟ್. ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ಅದರ ಸಾಕೆಟ್‌ಗಳು 4 ಎಂಎಂನಿಂದ 14 ಎಂಎಂ ತನಕ ಮಾತ್ರ. ರ‍್ಯಾಚೆಟ್ (ಸಾಕೆಟ್ ತಿರುಗಿಸುವ ಹಿಡಿ) ಕಾಲು ಇಂಚಿನದು, ಅಂದರೆ ಸಾಕೆಟ್ ಕೂರುವ ಚೌಕ ತುದಿ ಅಷ್ಟೇ ಅಗಲ; ಹಿಡಿಕೆಯೂ ಕೈಬೆರಳಷ್ಟು ತೆಳು. ಮಾರುತಿ ಕಾರಿನ ಚಕ್ರದ ನಟ್ 19 ಎಂಎಂ, ಹುಂಡೈದು 21. ಈ ಸೆಟ್‌ನಲ್ಲಿ ಅವೆರಡೂ ಇಲ್ಲ. ಬೈಕ್‌ನ ಹಿಂದಿನ ಆಕ್ಸಲ್ ನಟ್‌ಗೂ ಇದು ಸಾಲುವುದಿಲ್ಲ. ಸೈಡ್ ಮಿರರ್, ಪ್ಯಾನೆಲ್, ಬ್ಯಾಟರಿ ಟರ್ಮಿನಲ್ ಬಿಚ್ಚಲು ಚೆನ್ನಾಗಿದೆ. ಮನೆಯಲ್ಲಿ ಇಟ್ಟುಕೊಳ್ಳಿ. ಗಾಡಿಯಲ್ಲಿ ಇದೊಂದನ್ನೇ ನಂಬಿ ಹೊರಡಬೇಡಿ.

ಇನ್ನೊಂದು ದಾರಿ ಡಬಲ್ ಎಂಡ್ ಪಾನಾ ಸೆಟ್, ಅಂದರೆ ಎರಡು ತುದಿಗೂ ಬೇರೆ ಬೇರೆ ಸೈಜಿನ ಬಾಯಿ. ಎಂಟು ಪೀಸಿನ ಸೆಟ್‌ನಲ್ಲಿ 6-7, 8-9, 10-11, 12-13, 14-15, 16-17, 18-19, 20-22 ಇರುತ್ತವೆ. ತಪಾರಿಯಾದಂಥ ನಮ್ಮ ದೇಶದ ಕಂಪನಿಯದೇ ಸಾಕು, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಒಂದು ಕಳೆದರೆ ಅದೊಂದನ್ನೇ ಬಿಡಿಯಾಗಿ ಕೊಳ್ಳಬಹುದು. ಬಾಕ್ಸ್ ಸೆಟ್‌ನಲ್ಲಿ ಆ ಅನುಕೂಲ ಇಲ್ಲ.

ನನ್ನ ಆಯ್ಕೆ ಇವೆರಡರ ನಡುವಿನದು: ಕಾಂಬಿನೇಷನ್ ಪಾನಾ. ಒಂದು ತುದಿ ಬಾಯಿ, ಇನ್ನೊಂದು ತುದಿ ರಿಂಗ್. ಎರಡೂ ಕಡೆ ಒಂದೇ ಸೈಜು. ಬಾಯಿ ಪಾನಾ ಜಾರಿ ನಟ್‌ನ ಮೂಲೆ ಸವೆಸುವುದು ಎಲ್ಲರೂ ನೋಡಿದ ಕಥೆಯೇ. ರಿಂಗ್ ಹಿಡಿದರೆ ಜಾರುವುದಿಲ್ಲ. ಬಿಗಿಯಾದದ್ದನ್ನು ರಿಂಗಿನಿಂದ ಸಡಿಲಿಸಿ, ಆಮೇಲೆ ಬಾಯಿಯಿಂದ ಬೇಗ ಬೇಗ ತಿರುಗಿಸಿ. ಜಪಾನಿ ಮೂಲದ ಗಾಡಿಗಳಲ್ಲಿ 10, 12, 14, 17 ಜಾಸ್ತಿ. ಯುರೋಪಿನ ಕಡೆಯ ಗಾಡಿಗಳಲ್ಲಿ 13 ಬರುತ್ತದೆ. ಈ ಐದು ಮತ್ತು ನಿಮ್ಮ ಬೈಕ್ ಆಕ್ಸಲ್‌ನ ಸೈಜು ಇದ್ದರೆ ಸಾಕು, ಇಪ್ಪತ್ತು ಪಾನಾ ಹೊರುವುದು ಬೇಡ.

ಆಕ್ಸಲ್ ಸೈಜು ನಾನು ಹೇಳುವುದಕ್ಕಿಂತ ನೀವೇ ನೋಡಿಕೊಳ್ಳುವುದು ಒಳ್ಳೆಯದು. ಮಾಡೆಲ್‌ಗೊಂದು ಇರುತ್ತದೆ, ಕೆಲವು ಬೈಕ್‌ಗಳಲ್ಲಿ ಎಡಕ್ಕೊಂದು ಬಲಕ್ಕೊಂದು. ಪಾನಾ ಹಾಕಿ ನೋಡಿ, ಒಂದು ಚೀಟಿಯಲ್ಲಿ ಬರೆದು ಕಿಟ್‌ನೊಳಗೇ ಇಡಿ.

ಅಡ್ಜಸ್ಟೇಬಲ್ ಪಾನಾ, ಅದೇ ಸ್ಕ್ರೂ ಸ್ಪ್ಯಾನರ್, ಬೇಕಾ? ಒಂದು ಇರಲಿ, ಎಂಟಿಂಚಿನದು. ಒಂದು ಪಾನಾ ಬೋಲ್ಟ್ ತಿರುಗಿಸುವಾಗ ಹಿಂದಿನ ನಟ್ ಹಿಡಿಯಲು ಎರಡನೆಯದು ಬೇಕಾಗುತ್ತದೆ, ಆಗ ಇದು ಕೈಗೆ ಬರುತ್ತದೆ. ಬಿಗಿ ನಟ್ ಸಡಿಲಿಸಲು ಮಾತ್ರ ಬಳಸಬೇಡಿ. ಮಡಚುವ ಮಲ್ಟಿಟೂಲ್ ಬಗ್ಗೆಯೂ ಕೇಳುತ್ತಾರೆ. ಒಂದು ಒಳ್ಳೆಯ ಕಟಿಂಗ್ ಪ್ಲೇಯರ್ ಮತ್ತು ತಲೆ ಬದಲಿಸುವ ಸ್ಕ್ರೂ ಡ್ರೈವರ್ ಎರಡೂ ಸೇರಿ ಅದಕ್ಕಿಂತ ಅಗ್ಗ, ಕೈಗೆ ಹಿಡಿತವೂ ಜಾಸ್ತಿ.

ಪಂಕ್ಚರ್: ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಯಲ್ಲೂ ಹೊಲದ ಬದು, ರಸ್ತೆ ಪಕ್ಕ, ಹಳ್ಳದ ದಂಡೆ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಊರ ಹೆಸರೇ ಅಂಟಿಸಿಕೊಂಡ ಮುಳ್ಳು. ಸೌದೆಗೆ ಕಡಿದು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹೇರಿಕೊಂಡು ಹೋಗುವಾಗ ಟೊಂಗೆ ರಸ್ತೆಗೆ ಬೀಳುತ್ತವೆ. ಮೊಳೆ ಚುಚ್ಚಿದರೆ ಒಂದೇ ತೂತು. ಜಾಲಿ ಟೊಂಗೆಯ ಮೇಲೆ ಹರಿದರೆ ಒಂದೇ ಟೈರ್‌ನಲ್ಲಿ ನಾಲ್ಕೈದು ಮುಳ್ಳು. ಪಂಕ್ಚರ್ ಸಾಮಾನು ಆರಿಸುವಾಗ ಇದನ್ನು ಮರೆಯಬಾರದು.

ಟ್ಯೂಬ್‌ಲೆಸ್ ಟೈರ್‌ಗೆ ಇರುವ ದಾರಿಗಳಲ್ಲಿ ಮೊದಲನೆಯದು ಸ್ಟ್ರಿಪ್ ಕಿಟ್. ಅರದಂಥ ಕಡ್ಡಿ ಒಂದು, ಸೂಜಿ ಒಂದು, ಅಂಟು ಸವರಿದ ಸ್ಟ್ರಿಪ್‌ಗಳು. ಸಾಮಾನ್ಯವಾಗಿ 200ರಿಂದ 500 ರೂಪಾಯಿ ಒಳಗೆ ಸಿಗುತ್ತದೆ. ಪ್ಲಾಸ್ಟಿಕ್ ಹಿಡಿಯ ಸೂಜಿ ತಗೊಳ್ಳಬೇಡಿ. ಕಾರಿನ ಟೈರ್‌ಗೆ ಒತ್ತುವಾಗ ಹಿಡಿ ಮುರಿದು ಸೂಜಿ ಅಂಗೈಗೆ ಚುಚ್ಚುತ್ತದೆ. ಕಬ್ಬಿಣದ ಟಿ ಆಕಾರದ ಹಿಡಿಯೇ ಇರಲಿ. ನೂರು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ಮಾಡುವ ರೀತಿ ಕಷ್ಟದ್ದಲ್ಲ. ಚುಚ್ಚಿದ್ದನ್ನು ಇಕ್ಕಳದಿಂದ ಕೀಳಿ, ಅದೇ ಓರೆಯಲ್ಲಿ ಅರದ ಕಡ್ಡಿ ಒಳಗೆ ಹಾಕಿ ಹತ್ತು ಸಲ ಹಿಂದೆ ಮುಂದೆ ಆಡಿಸಿ. ಸೂಜಿಗೆ ಸ್ಟ್ರಿಪ್ ಪೋಣಿಸಿ, ಅರ್ಧ ಇಂಚು ಹೊರಗೆ ಉಳಿಯುವಂತೆ ಒತ್ತಿ, ಒಂದೇ ಏಟಿಗೆ ಸೂಜಿ ಎಳೆಯಿರಿ. ಹೊರಗಿನ ತುದಿ ಸ್ವಲ್ಪ ಬಿಟ್ಟು ಕತ್ತರಿಸಿ. ಗಾಳಿ ತುಂಬಿ, ಎಂಜಲು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಇದು ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಟೈರ್‌ನ ಪಕ್ಕೆಗೆ ಚುಚ್ಚಿದ್ದರೆ ಸ್ಟ್ರಿಪ್ ಹಾಕಬೇಡಿ, ಅಲ್ಲಿ ಅದು ನಿಲ್ಲುವುದಿಲ್ಲ. ಸ್ಟ್ರಿಪ್ ಹಾಕಿದ ಮೇಲೆ ಜೋರಾಗಿ ಓಡಿಸದೆ ಹೋಗಿ. ಊರು ಮುಟ್ಟಿದ ಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಿದರೆ ನಿಶ್ಚಿಂತೆ.

ಜಾಲಿ ಮುಳ್ಳಿನ ವಿಷಯದಲ್ಲಿ ನಾನು ಬೇರೆ ಮಾತು ಹೇಳುತ್ತೇನೆ. ಮುಳ್ಳು ಒಳಗೇ ಮುರಿದು ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಕೀಳಲೇ ಬೇಡಿ. ಮುಳ್ಳು ಸಣ್ಣದು, ತನ್ನ ತೂತನ್ನು ತಾನೇ ಮುಚ್ಚಿಕೊಂಡಿರುತ್ತದೆ. ಅರದ ಕಡ್ಡಿ ಹಾಕಿದರೆ ಸೂಜಿಮೊನೆಯಷ್ಟಿದ್ದ ತೂತು ಪೆನ್ನಿನಷ್ಟಾಗುತ್ತದೆ. ಐದು ಮುಳ್ಳಿಗೆ ಐದು ಸ್ಟ್ರಿಪ್ ಹಾಕುತ್ತಾ ಕೂತರೆ ಟೈರೂ ಹಾಳು, ಹೊತ್ತೂ ಹಾಳು. ಗಾಳಿ ತುಂಬಿ, ಮುಂದಿನ ಊರಿಗೆ ನಡೆಯಿರಿ, ನಡುವೆ ಒಮ್ಮೆ ನಿಲ್ಲಿಸಿ ನೋಡಿ. ಇದೇ ಕಾರಣಕ್ಕೆ ನಮ್ಮ ಸೀಮೆಯಲ್ಲಿ ಸ್ಟ್ರಿಪ್‌ಗಿಂತ ಪಂಪು ದೊಡ್ಡದು ಅಂತ ನನ್ನ ಅಭಿಪ್ರಾಯ.

ಎರಡನೆಯದು ಟೈರ್‌ನೊಳಗೆ ಹಾಕುವ ಸೀಲಂಟ್, ಅಂಗಡಿಯವರು ಜೆಲ್ ಅನ್ನುತ್ತಾರೆ. ಮೊದಲೇ ಹಾಕಿಸಿಟ್ಟರೆ ಸಣ್ಣ ಮುಳ್ಳಿನ ತೂತು ತಾನೇ ಮುಚ್ಚುತ್ತದೆ. ದಿನಾ ಹೊಲದ ದಾರಿಯಲ್ಲಿ ಓಡಾಡುವ ಬೈಕು, ಸ್ಕೂಟಿಗೆ ಇದು ನಿಜಕ್ಕೂ ಒಳ್ಳೆಯದು. ತೊಂದರೆಯೂ ಇದೆ. ಕಾಲ ಕಳೆದಂತೆ ಒಣಗುತ್ತದೆ, ಟೈರ್ ಬಿಚ್ಚಿದಾಗ ಒಳಗೆಲ್ಲ ಅಂಟಂಟು, ಆಮೇಲೆ ಪ್ಯಾಚ್ ಸರಿಯಾಗಿ ಹಿಡಿಯಬೇಕಾದರೆ ಪೂರ್ತಿ ತೊಳೆಯಬೇಕು. ಗಾಳಿಯ ಒತ್ತಡ ತೋರಿಸುವ ಸೆನ್ಸರ್ ಟೈರ್‌ನೊಳಗೇ ಇರುವ ಕಾರಿಗೆ ಕೇಳದೆ ಹಾಕಿಸಬೇಡಿ.

ಟ್ಯೂಬ್ ಟೈರ್‌ನ ಬೈಕ್ ಇದ್ದವರಿಗೆ ಲೆಕ್ಕವೇ ಬೇರೆ. ಕಡ್ಡಿ ಚಕ್ರದ ಬೈಕ್‌ಗಳು ಹಳ್ಳಿಗಳಲ್ಲಿ ಇನ್ನೂ ಬೇಕಾದಷ್ಟಿವೆ. ಅವಕ್ಕೆ ಪ್ಯಾಚ್, ಅದನ್ನು ಅಂಟಿಸುವ ಸಲ್ಯೂಷನ್, ಉಜ್ಜಲು ಮರಳು ಕಾಗದ, ಎರಡು ಟೈರ್ ಲಿವರ್, ಆಕ್ಸಲ್ ಪಾನಾ ಇಷ್ಟೂ ಬೇಕು. ಪ್ಯಾಚ್‌ಗಿಂತ ಒಂದು ಹೊಸ ಟ್ಯೂಬ್ ಒಯ್ಯುವುದೇ ಮೇಲು. ಬಿಸಿಲಲ್ಲಿ ಕೂತು ತೂತು ಹುಡುಕಿ ಉಜ್ಜುವ ಕೆಲಸ ತಪ್ಪುತ್ತದೆ. ಟ್ಯೂಬನ್ನು ಪೌಡರ್ ಹಾಕಿ ಬಟ್ಟೆಯಲ್ಲಿ ಸುತ್ತಿಡಿ. ಪಾನಾಗಳ ಜೊತೆ ಬರಿದೇ ಇಟ್ಟರೆ ಕುಲುಕಾಟಕ್ಕೇ ತೂತಾಗುತ್ತದೆ.

ಒಮ್ಮೆ ಮೇ ತಿಂಗಳಲ್ಲಿ ಕುಷ್ಟಗಿ ಹತ್ತಿರ ಬೈಕ್‌ನ ಹಿಂದಿನ ಗಾಲಿ ಕೂತಿತು. ಸೀಟಿನ ಕೆಳಗೆ ಕಿಟ್ ಇತ್ತು, ಧೈರ್ಯವೂ ಇತ್ತು. ಸಲ್ಯೂಷನ್ ಟ್ಯೂಬ್ ಒತ್ತಿದೆ, ಬರಲಿಲ್ಲ. ಹಿಂಭಾಗ ಕೊಯ್ದು ನೋಡಿದರೆ ಒಳಗೆ ಗಟ್ಟಿ ರಬ್ಬರ್ ಮುದ್ದೆ. ಎರಡು ಬೇಸಿಗೆ ಸೀಟಿನ ಕೆಳಗೆ ಬೆಂದಿತ್ತು. ಅಂದಿನಿಂದ ಪ್ರತಿ ವರ್ಷ ಯುಗಾದಿಗೆ ಹಳೆಯದನ್ನು ಎಸೆದು ಹೊಸ ಸಲ್ಯೂಷನ್, ಹೊಸ ಸ್ಟ್ರಿಪ್ ಇಡುತ್ತೇನೆ. ಬೇಸಿಗೆ ಏರುವ ಹೊತ್ತಿಗೆ ತಾಜಾ ಇರುತ್ತದೆ.

ಗಾಳಿ ತುಂಬಲು ಯಾವುದು

ಕಾರಿಗೆ 12 ವೋಲ್ಟ್ ಪಂಪು. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವಂಥದ್ದು, ಸಾಮಾನ್ಯವಾಗಿ 1500 ರೂಪಾಯಿಯಿಂದ ಮೇಲೆ. ಎಂಜಿನ್ ಚಾಲೂ ಇಟ್ಟು ಬಳಸಿ. ಬೇಕಾದ ಒತ್ತಡ ಮೊದಲೇ ಹಾಕಿದರೆ ತಾನೇ ನಿಲ್ಲುವಂಥದ್ದು ಬಂದಿದೆ, ಅದೇ ತಗೊಳ್ಳಿ. ಎಷ್ಟು ಒತ್ತಡ (ಪಿಎಸ್‌ಐ) ಬೇಕು ಅನ್ನುವುದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಕೊಳ್ಳುವಾಗ ವೈರ್‌ನ ಉದ್ದ ನೋಡಿ. ಡಿಕ್ಕಿ ಪಕ್ಕದ ಹಿಂದಿನ ಗಾಲಿಗೆ ಮುಟ್ಟದ ಪಂಪು ಕೊಂಡು ಏನು ಮಾಡುವುದು?

ಚಾರ್ಜ್ ಮಾಡುವ ಪಂಪು ಚಿಕ್ಕದು, ಬೈಕ್‌ಗೂ ಆಗುತ್ತದೆ. ಆದರೆ ಅದರೊಳಗೆ ಲಿಥಿಯಂ ಬ್ಯಾಟರಿ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಕಾವು ನಿಮಗೇ ಗೊತ್ತು. ಅಂಥ ಕಾವಿನಲ್ಲಿ ಲಿಥಿಯಂ ಬ್ಯಾಟರಿ ಬೇಗ ಸಾಯುತ್ತದೆ, ಉಬ್ಬಿದರೆ ಅಪಾಯ. ಬ್ಯಾಗಿನಲ್ಲಿ ಹಾಕಿಕೊಂಡು ದಿನಾ ಮನೆಯೊಳಗೆ ಒಯ್ಯುವ ರೂಢಿ ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಬೇಡ.

ಬೈಕ್‌ಗೆ ನಾನು ಕಾಲಲ್ಲಿ ತುಳಿಯುವ ಸಣ್ಣ ಪಂಪನ್ನೇ ನಂಬಿದ್ದೇನೆ. ಚಾರ್ಜು ಬೇಡ, ಬಿಸಿಲಿಗೆ ಹೆದರುವುದಿಲ್ಲ, ವಾಷರ್ ಹೋದರೆ ಸೈಕಲ್ ಅಂಗಡಿಯಲ್ಲಿ ಸರಿಮಾಡಿಕೊಡುತ್ತಾರೆ. ಅದರ ಮೀಟರ್ ಮಾತ್ರ ನಂಬಬೇಡಿ. ಪೆನ್ನಿನಂಥ ಗೇಜ್ ಒಂದು ಬೇರೆ ಇಟ್ಟುಕೊಳ್ಳಿ.

ಜಾಕ್, ಹಲಗೆ, ಚಕ್ರದ ಪಾನಾ

ಮೊದಲು ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯಾ ನೋಡಿ. ತಮಾಷೆ ಮಾತಲ್ಲ ಇದು. 2020ರ ನಿಯಮದ ಪ್ರಕಾರ ಟ್ಯೂಬ್‌ಲೆಸ್ ಟೈರ್, ಒತ್ತಡದ ಸೆನ್ಸರ್, ಪಂಕ್ಚರ್ ಕಿಟ್ ಮೂರೂ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರು ಇದನ್ನು ನೋಡಿಯೇ ಇರುವುದಿಲ್ಲ. ಸ್ಟೆಪ್ನಿ ಇಲ್ಲದಿದ್ದರೆ ಪಂಪು, ಸ್ಟ್ರಿಪ್ ಎರಡಕ್ಕೂ ಹಣ ಹಾಕಲು ಹಿಂಜರಿಯಬೇಡಿ. ಸ್ಟೆಪ್ನಿ ಬೇರೆ ಗಾಲಿಗಳಿಗಿಂತ ಸಣ್ಣದಿದ್ದರೆ ಅದರ ಮೇಲೆ ಬರೆದ ವೇಗ ದಾಟಬೇಡಿ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ.

ಎರಡು ವರ್ಷದ ಹಿಂದೆ, ಸೆಪ್ಟೆಂಬರ್. ಪೋತ್ನಾಳ ದಾಟಿ ಸಿಂಧನೂರಿನ ಕಡೆ ಬರುತ್ತಿದ್ದೆ. ಎಡಗಡೆ ಹಿಂದಿನ ಟೈರ್ ಕೂತಿತು. ಹಿಂದಿನ ದಿನ ಮಳೆಯಾಗಿತ್ತು, ಪಕ್ಕದಲ್ಲಿ ಭತ್ತದ ಗದ್ದೆ. ರಸ್ತೆಯಿಂದ ಇಳಿಸಿ ನಿಲ್ಲಿಸಿ ಜಾಕ್ ಹಾಕಿದೆ. ತಿರುಗಿಸಿದಂತೆಲ್ಲ ಕಾರು ಏಳುವ ಬದಲು ಜಾಕೇ ಕೆಳಗೆ ಇಳಿಯುತ್ತಿತ್ತು. ಎರೆ ಮಣ್ಣು ನೋಡಿ, ಅಂಗೈ ಅಗಲದ ಜಾಕಿನ ಬುಡವನ್ನು ಬೆಣ್ಣೆಯಂತೆ ಒಳಗೆ ಎಳೆದುಕೊಂಡಿತು. ಕಲ್ಲೊಂದು ತಂದು ಕೆಳಗೆ ಇಡಲು ಹೊರಟೆ. ಕುರಿ ಹೊಡೆದುಕೊಂಡು ಬರುತ್ತಿದ್ದ ಅಜ್ಜ ದೂರದಿಂದಲೇ ಕೂಗಿದ.

"ಏ ತಮ್ಮಾ, ಕಲ್ಲ ಇಡಬ್ಯಾಡ, ಜಾರ್ತದ. ತಡಿ, ಹಲಗಿ ಕೊಡ್ತೀನಿ."

ಕಾಲುವೆ ಆಚೆಯ ಗುಡಿಸಲಿನಿಂದ ಒಂದು ಹಳೆ ಹಲಗೆ ತಂದು ಕೊಟ್ಟ. ಅದರ ಮೇಲೆ ಜಾಕ್ ಇಟ್ಟೆ, ಕಾರು ಎದ್ದಿತು. "ಯಜ್ಜಾ, ಹಲಗಿಗೆ ಏನು ಕೊಡ್ಲಿ?" ಅಂದರೆ ಹಲಗೆ ತೊಳೆದು ವಾಪಸ್ ಇಡು ಅಂದ, ಅಷ್ಟೇ. ಈಗ ನನ್ನ ಡಿಕ್ಕಿಯಲ್ಲಿ ಒಂದಡಿ ಉದ್ದ, ಒಂದಡಿ ಅಗಲ, 18 ಎಂಎಂ ದಪ್ಪದ ಪ್ಲೈವುಡ್ ತುಂಡು ಸದಾ ಇರುತ್ತದೆ. ಬಡಗಿ ಅಂಗಡಿಯಲ್ಲಿ ಉಳಿದ ತುಂಡು ಸುಮ್ನೆ ಕೊಡುತ್ತಾರೆ. ನೀವು ಜಾಕ್‌ಗೆ ಎಷ್ಟೇ ಖರ್ಚು ಮಾಡಿ, ನಮ್ಮ ಮಣ್ಣಿನಲ್ಲಿ ಈ ತುಂಡು ಇಲ್ಲದೆ ಅದು ಕೆಲಸಕ್ಕೆ ಬರುವುದಿಲ್ಲ.

ಜಾಕ್ ಬದಲಿಸಬೇಕಾ? ಸಣ್ಣ ಕಾರಿಗೆ ಕಂಪನಿ ಕೊಟ್ಟ ಕತ್ತರಿ ಜಾಕೇ ಸರಿ. ಅದರ ತಲೆ ಕಾರಿನ ಅಂಚಿನ ಕೆಳಗಿನ ಗುರುತಿಗೆ ಸರಿಯಾಗಿ ಕೂರುತ್ತದೆ. ಹೈಡ್ರಾಲಿಕ್ ಬಾಟಲ್ ಜಾಕ್ ಕಡಿಮೆ ಶಕ್ತಿಯಲ್ಲಿ ಎತ್ತುತ್ತದೆ ನಿಜ, ಆದರೆ ಅದರದೇ ಎತ್ತರ ಜಾಸ್ತಿ. ಟೈರ್ ಕೂತ ಸಣ್ಣ ಕಾರಿನ ಕೆಳಗೆ ತೂರುವುದೇ ಇಲ್ಲ. ಬೊಲೆರೊ, ಪಿಕಪ್‌ನಂಥ ಎತ್ತರದ ಗಾಡಿಗೆ, ಆಕ್ಸಲ್ ಕೆಳಗೆ ಇಡಲು ಬಾಟಲ್ ಜಾಕ್ ಒಳ್ಳೆಯದು. ಯಾವುದೇ ಜಾಕ್ ಇರಲಿ, ಅದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ, ಕೈ ಹಾಕಬಾರದು. ಬಿಚ್ಚಿದ ಚಕ್ರವನ್ನು ಗಾಡಿ ಕೆಳಗೆ ಅಡ್ಡ ಮಲಗಿಸಿಡಿ, ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ.

ಚಕ್ರದ ಪಾನಾ ವಿಷಯದಲ್ಲಿ ಮಾತ್ರ ಹಣ ಹಾಕಿ. ಕಂಪನಿಯ ಎಲ್ ಪಾನಾ ಗಿಡ್ಡ. ಟೈರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬಿಗಿ ಮಾಡಿದ ನಟ್ ಅದಕ್ಕೆ ಜಗ್ಗುವುದಿಲ್ಲ. ಪ್ಲಸ್ ಆಕಾರದ ಪಾನಾದಲ್ಲಿ ಎರಡು ಕೈಯಿಂದ ಒತ್ತಬಹುದು, ನಾಲ್ಕು ಸೈಜೂ ಇರುತ್ತವೆ, ಆದರೆ ಜಾಗ ತಿನ್ನುತ್ತದೆ. ಉದ್ದ ಎಳೆದುಕೊಳ್ಳುವ ಎಲ್ ಪಾನಾ ಚಿಕ್ಕದಾಗಿ ಮಡಚಿಕೊಳ್ಳುತ್ತದೆ, 17-19 ಮತ್ತು 21-23ರ ಸಾಕೆಟ್ ಅದರ ಜೊತೆ ಬರುತ್ತವೆ. ಮನೆಯಲ್ಲಿ ಹೆಂಗಸರೋ ವಯಸ್ಸಾದವರೋ ಕಾರು ಓಡಿಸುವುದಿದ್ದರೆ ಇದೇ ತಗೊಳ್ಳಿ. ಉದ್ದ ಜಾಸ್ತಿಯಾದಷ್ಟೂ ಶಕ್ತಿ ಕಡಿಮೆ ಸಾಕು. ಗಾಡಿ ಎತ್ತುವ ಮೊದಲು, ಚಕ್ರ ನೆಲದ ಮೇಲೆ ಇರುವಾಗಲೇ ನಟ್ ಸಡಿಲಿಸಿ. ಎತ್ತಿದ ಮೇಲೆ ತಿರುಗಿಸಿದರೆ ಚಕ್ರವೇ ತಿರುಗುತ್ತದೆ, ಗಾಡಿ ಜಾರುವ ಭಯ ಬೇರೆ.

ಬ್ಯಾಟರಿ

ಬ್ಯಾಟರಿ ಸತ್ತರೆ ಎರಡು ದಾರಿ: ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟ್ ಎಳೆಯುವ ಜಂಪರ್ ಕೇಬಲ್, ಇಲ್ಲವೇ ಜಂಪ್ ಸ್ಟಾರ್ಟರ್ ಪ್ಯಾಕ್. ಪ್ಯಾಕ್ ಒಂಟಿಯಾಗಿ ಕೆಲಸ ಮಾಡುತ್ತದೆ, ಇನ್ನೊಂದು ಗಾಡಿ ಬೇಡ. ಆದರೆ ಮೇಲೆ ಹೇಳಿದ ಲಿಥಿಯಂ ಕಥೆಯೇ ಇದಕ್ಕೂ. ನಮ್ಮ ರಸ್ತೆಗಳಲ್ಲಿ ಗಾಡಿ ಸಿಗದ ಹೊತ್ತು ಕಡಿಮೆ. ಅದಿರಿನ ಲಾರಿ, ಭತ್ತದ ಲಾರಿ ಬರುತ್ತಲೇ ಇರುತ್ತವೆ. ಆದರೆ ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಅದಕ್ಕೆ ನಿಮ್ಮ 12 ವೋಲ್ಟ್ ಕಾರು ಜೋಡಿಸಿದರೆ ಎಲೆಕ್ಟ್ರಿಕಲ್ ಸುಟ್ಟುಹೋಗುತ್ತದೆ. ಕಾರು, ಜೀಪನ್ನೇ ನಿಲ್ಲಿಸಿ.

ಹಾಗಾಗಿ ನನ್ನ ಓಟು ಕೇಬಲ್‌ಗೆ. ಹೊರಗೆ ದಪ್ಪ ಪ್ಲಾಸ್ಟಿಕ್, ಒಳಗೆ ನಾಲ್ಕೆಳೆ ಅಲ್ಯೂಮಿನಿಯಂ ಇರುವ ಅಗ್ಗದ ಕೇಬಲ್ ಬಿಸಿಯಾಗುತ್ತದೆ, ಎಂಜಿನ್ ತಿರುಗುವುದಿಲ್ಲ. ತಾಮ್ರದ್ದೇ ಕೇಳಿ. ಜೋಡಿಸುವ ಕ್ರಮ ಒಂದು ಚೀಟಿಯಲ್ಲಿ ಬರೆದು ಕೇಬಲ್‌ಗೆ ಕಟ್ಟಿಡಿ: ಕೆಂಪು ಸತ್ತ ಬ್ಯಾಟರಿಯ ಪ್ಲಸ್‌ಗೆ, ಕೆಂಪಿನ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕಪ್ಪಿನ ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬರಿ ಕಬ್ಬಿಣಕ್ಕೆ. ಬ್ಯಾಟರಿಯಿಂದ ದೂರ ಇರಲಿ, ಕಿಡಿ ಹಾರುತ್ತದೆ.

ಉಳಿದ ಸಣ್ಣಪುಟ್ಟ

ಫ್ಯೂಸ್: 10 ಆಂಪಿಯರ್‌ನದು ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಎರಡೆರಡು ಇರಲಿ. ಫ್ಯೂಸ್ ಜಾಗಕ್ಕೆ ತಂತಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದನ್ನು ನೋಡಿದ್ದೇನೆ. ವೈರಿಂಗ್‌ಗೆ ಬೆಂಕಿ ಹತ್ತುವುದು ಹಾಗೇ. ಬೈಂಡಿಂಗ್ ವೈರ್ ಒಂದು ಸುರುಳಿ, ಕೇಬಲ್ ಟೈ ಒಂದು ಹಿಡಿ, ಎಂ-ಸೀಲ್ ಒಂದು. ಬೈಕ್‌ಗೆ ಒಂದು ಕ್ಲಚ್ ಕೇಬಲ್. ಅದನ್ನು ಡಬ್ಬಿಯಲ್ಲಿ ಇಡದೆ ಹಳೆ ಕೇಬಲ್‌ನ ಜೊತೆಗೇ ಓಡಿಸಿ ಟೇಪ್ ಸುತ್ತಿಡಿ, ತುಂಡಾದಾಗ ತುದಿ ಬದಲಿಸಿದರೆ ಸಾಕು. ತಲೆಗೆ ಕಟ್ಟುವ ಟಾರ್ಚ್ ಇರಲಿ, ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ನಟ್ ಬಿಚ್ಚಲು ಆಗುವುದಿಲ್ಲ. ಕಾರಿನಲ್ಲಿ ಎರಡು ಲೀಟರ್ ನೀರು. ಎಂಜಿನ್ ಕಾದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಅರ್ಧ ಗಂಟೆಯಾದರೂ ಕಾಯಿರಿ. ಕೆಂಪು ತ್ರಿಕೋನ ಗಾಡಿಯಿಂದ ದೂರ, ಬರುವ ಲಾರಿಯವರಿಗೆ ಮೊದಲೇ ಕಾಣುವಂತೆ ಇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಮ್ಮ ಕೈಲಾಗದ್ದಾದರೆ 1033ಕ್ಕೆ ಫೋನ್ ಮಾಡಿ.

ಇವೆಲ್ಲ ಹಾಕಲು ಪ್ಲಾಸ್ಟಿಕ್ ಬಾಕ್ಸ್ ಬೇಡ, ಬಿಸಿಲಿಗೆ ಕೊಂಡಿ ಮುರಿಯುತ್ತದೆ, ಗಡಗಡ ಸದ್ದು ಬೇರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಬ್ಬರ ಹತ್ತಿರ ಉಳಿದ ತುಂಡು ಬಟ್ಟೆಯಲ್ಲಿ ಸಾಲಾಗಿ ಜೇಬು ಹೊಲಿಸಿದೆ, ಒಂದೊಂದು ಪಾನಾಗೆ ಒಂದೊಂದು. ಸುತ್ತಿ ದಾರ ಕಟ್ಟಿದರೆ ಬೈಕ್ ಸೀಟಿನ ಕೆಳಗೆ ಕೂರುತ್ತದೆ. ಬಿಚ್ಚಿ ನೆಲಕ್ಕೆ ಹಾಸಿದರೆ ಯಾವ ಜೇಬು ಖಾಲಿ ಅಂತ ಕಣ್ಣಿಗೇ ಕಾಣುತ್ತದೆ, ರಾತ್ರಿ ಕತ್ತಲಲ್ಲಿ ಪಾನಾ ಬಿಟ್ಟು ಬರುವುದು ತಪ್ಪಿತು.

ಕೈಯಲ್ಲಿ ಸಾವಿರ ರೂಪಾಯಿ ಅಷ್ಟೇ ಇದೆ ಅಂದರೆ ಬೈಕ್‌ನವರು ಕಾಲು ಪಂಪು ಮತ್ತು ಕಬ್ಬಿಣದ ಹಿಡಿಯ ಸ್ಟ್ರಿಪ್ ಕಿಟ್ ಕೊಳ್ಳಿ, ಕಾರಿನವರು ಉದ್ದ ಎಳೆಯುವ ಚಕ್ರದ ಪಾನಾ ಕೊಂಡು ಹಲಗೆ ಹೊಂದಿಸಿಕೊಳ್ಳಿ. ಮಿಕ್ಕದ್ದು ತಿಂಗಳಿಗೊಂದರಂತೆ ಸೇರಲಿ. ಕೊಂಡ ಮೇಲೆ ಒಂದು ಭಾನುವಾರ ಮನೆ ಮುಂದೆಯೇ ಎಲ್ಲ ಬಿಚ್ಚಿ ಹಾಕಿ ನೋಡಿ. ಕಳೆದ ವರ್ಷ ನನ್ನ ಹೆಂಡತಿ ಕಾರು ಕಲಿತಾಗ ಹಾಗೇ ಮಾಡಿದೆವು. ಮೂರು ನಟ್ ಅವಳೇ ಬಿಚ್ಚಿದಳು. ನಾಲ್ಕನೆಯದು ಅವಳಿಗೂ ಜಗ್ಗಲಿಲ್ಲ, ನನಗೂ ಜಗ್ಗಲಿಲ್ಲ. ಸೋಮವಾರ ಟೈರ್ ಅಂಗಡಿಗೆ ಹೋಗಿ ನಾಲ್ಕೂ ಗಾಲಿಯ ನಟ್ ಬಿಚ್ಚಿಸಿ, ಗನ್ ಬೇಡ ಅಂತ ಹೇಳಿ ಕೈಪಾನಾದಲ್ಲೇ ಬಿಗಿ ಮಾಡಿಸಿಕೊಂಡು ಬಂದೆವು.